ಎಚ್ಚರಕ್ಕೆ ರಜೆಯಿಲ್ಲ

ಹಿಂದಿನವರು ಊರು ಬಿಟ್ಟು ದೂರ ಹೊರಡುತ್ತಿದ್ದುದು ಬಹುಮಟ್ಟಿಗೆ ಯಾತ್ರೆಗೆ. ಯಾತ್ರೆಗೆ ನಿಯಮಗಳಿದ್ದವು. ಹೊರಡುವ ದಿನ, ಉಣ್ಣುವ ಹೊತ್ತು, ನಡೆಯುವ ಬಗೆ, ಆಡುವ ಮಾತು ಇವೆಲ್ಲಕ್ಕೂ ಒಂದು ಕಟ್ಟುಪಾಡು ಇತ್ತು. ಮನೆಯಲ್ಲಿದ್ದಾಗ ಸಡಿಲವಾಗಿದ್ದ ವ್ರತವೂ ಯಾತ್ರೆಯಲ್ಲಿ ಬಿಗಿಯಾಗುತ್ತಿತ್ತು. ಇಂದಿನವರು ಹೊರಡುವುದು ಹೆಚ್ಚಾಗಿ ವಿಹಾರಕ್ಕೆ. ಇದರ ರೀತಿ ಅದಕ್ಕೆ ವಿರುದ್ಧವಾದುದು. ಮನೆಯಲ್ಲಿ ಬಿಗಿಯಾಗಿದ್ದುದು ಇಲ್ಲಿ ಸಡಿಲವಾಗುತ್ತದೆ. ಏಳುವ ಹೊತ್ತು ತಪ್ಪುತ್ತದೆ, ಖರ್ಚಿನ ಲೆಕ್ಕ ತಪ್ಪುತ್ತದೆ, ಕೆಲವೊಮ್ಮೆ ಊಟದ ಮಡಿಯೂ ತಪ್ಪುತ್ತದೆ. ಅದಕ್ಕಾಗಿಯೇ ಅಲ್ಲವೇ ರಜೆ ಎಂದು ಯಾರಾದರೂ ಕೇಳಿದರೆ ಥಟ್ಟನೆ ಉತ್ತರ ಹೇಳುವುದು ಕಷ್ಟ.

ವಿಹಾರವೆಂಬ ಶಬ್ದಕ್ಕೆ ಎರಡು ಅರ್ಥಗಳಿರುವುದನ್ನು ವಾಚಕರು ಬಲ್ಲರು. ಮುನಿಗಳ ವಿಹಾರವೆಂದರೆ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು, ಇರುವೆಗೂ ನೋವಾಗದಂತೆ ಹೆಜ್ಜೆಯಿಡುವ ನಡಿಗೆ. ಗೃಹಸ್ಥರ ವಿಹಾರವೆಂದರೆ ಹೆಜ್ಜೆಯ ಚಿಂತೆಯನ್ನೇ ಬಿಟ್ಟು ಮನಬಂದಂತೆ ಸುತ್ತಾಡುವುದು. ಒಂದೇ ಮಾತು ಇಷ್ಟು ದೂರದ ಎರಡು ಅರ್ಥಗಳನ್ನು ಹೊತ್ತಿರುವುದು ವಿಚಾರಾರ್ಹ. ಗೃಹಸ್ಥನು ಮುನಿಯಂತೆ ನಡೆಯಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ದುಡಿಮೆಗೆ ಕೊಟ್ಟ ರಜೆಯನ್ನು ಎಚ್ಚರಕ್ಕೂ ಕೊಡಬಹುದೇ ಎಂಬ ಪ್ರಶ್ನೆ ಉಳಿಯುತ್ತದೆ. ಈ ಪ್ರಶ್ನೆ ಅತ್ಯಂತ ಸ್ಪಷ್ಟವಾಗಿ ಎದುರಾಗುವ ಸ್ಥಳಗಳಲ್ಲಿ ಒಂದು, ಕಡಲ ತಳದ ಹವಳದ ದಿಬ್ಬ.

ಈಚಿನ ವರ್ಷಗಳಲ್ಲಿ ಕರ್ನಾಟಕದ ಅನೇಕ ಕುಟುಂಬಗಳು ಅಂಡಮಾನ್ ದ್ವೀಪಗಳಿಗೆ ಪ್ರವಾಸ ಹೋಗುತ್ತಿವೆ. ಬೆಂಗಳೂರಿನಿಂದ ವಿಮಾನದಲ್ಲಿ ಮೂರು ಗಂಟೆಯೊಳಗೆ ಪೋರ್ಟ್ ಬ್ಲೇರ್ ತಲುಪಬಹುದು. 2024ರಲ್ಲಿ ಆ ಪಟ್ಟಣಕ್ಕೆ ಶ್ರೀವಿಜಯಪುರವೆಂದು ಹೊಸ ಹೆಸರಿಡಲಾಯಿತು. ಹೋದವರು ಸೆಲ್ಯುಲರ್ ಜೈಲನ್ನು ನೋಡಿ ಕೈಮುಗಿಯುತ್ತಾರೆ. ಅನಂತರ ಕಡಲ ಕಡೆಗೆ ತಿರುಗುತ್ತಾರೆ. ಪಟ್ಟಣದಿಂದ ಸುಮಾರು 30 ಕಿಲೋಮೀಟರ್ ದೂರದ ವಂಡೂರಿನಲ್ಲಿ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನವಿದೆ. 1983ರಲ್ಲಿ ಸ್ಥಾಪನೆಯಾದ ಇದರ ವಿಸ್ತೀರ್ಣ 281.5 ಚದರ ಕಿಲೋಮೀಟರ್, ಇದರೊಳಗೆ 15 ದ್ವೀಪಗಳು. ಅವುಗಳಲ್ಲಿ ಜಾಲಿ ಬಾಯ್ ಮತ್ತು ರೆಡ್ ಸ್ಕಿನ್ ಎಂಬ ಎರಡನ್ನು ಮಾತ್ರ ಪ್ರವಾಸಿಗಳಿಗೆ ಸರದಿಯ ಮೇಲೆ ತೆರೆಯುತ್ತಾರೆ. ಒಂದು ತೆರೆದಿರುವಾಗ ಇನ್ನೊಂದಕ್ಕೆ ವಿಶ್ರಾಂತಿ. ಹೊಲವನ್ನು ಬೀಳುಬಿಡುವ ರೈತನ ವಿವೇಕವನ್ನು ಅರಣ್ಯ ಇಲಾಖೆ ಕಡಲಿಗೂ ತಂದಿದೆ ಎನ್ನಬಹುದು.

ದಾವಣಗೆರೆಯ ಕಡೆಯ ಒಂದು ವರ್ತಕ ಕುಟುಂಬ ಅಲ್ಲಿಗೆ ಹೋಗಿ ಬಂದ ಬಗೆಯನ್ನು ಉದಾಹರಣೆಯಾಗಿ ನೋಡಬಹುದು. ಮನೆಯ ಹಿರಿಯರು ಜವಳಿ ಅಂಗಡಿಯನ್ನು ಮಗನಿಗೆ ಒಪ್ಪಿಸಿ ಕೆಲವು ವರ್ಷಗಳಾಗಿದ್ದವು. ಪ್ರವಾಸದ ಏರ್ಪಾಡು ಮಗನದು. ಹಿರಿಯರಿಗೆ ಅಷ್ಟಾಗಿ ಮನಸ್ಸಿರಲಿಲ್ಲ. "ಜಲಚರಗಳು ತಮ್ಮ ಪಾಡಿಗೆ ತಾವಿರುವ ಕಡೆ ಹೋಗಿ ನಾವು ಕುಣಿಯುವುದೇಕೆ?" ಎಂಬುದು ಅವರ ಆಕ್ಷೇಪ. ಹದಿಮೂರು ವರ್ಷದ ಮೊಮ್ಮಗಳೂ ಒಂಬತ್ತು ವರ್ಷದ ಮೊಮ್ಮಗನೂ ಹಟ ಹಿಡಿದುದರಿಂದ, ತಾವು ನೀರಿಗಿಳಿಯುವುದಿಲ್ಲವೆಂಬ ಕರಾರಿನ ಮೇಲೆ ಹೊರಟರು.

ವಂಡೂರಿನ ಕಟ್ಟೆಯಲ್ಲಿ ಪ್ರವಾಸಿಗಳ ಚೀಲಗಳನ್ನು ತಪಾಸಣೆ ಮಾಡುತ್ತಾರೆ. ಪ್ಲಾಸ್ಟಿಕ್ ಚೀಲ, ತಿಂಡಿಯ ಪೊಟ್ಟಣ, ಬಳಸಿ ಎಸೆಯುವ ಬಾಟಲಿಗಳನ್ನು ದ್ವೀಪಕ್ಕೆ ಒಯ್ಯುವಂತಿಲ್ಲ. ಇದಕ್ಕೆ ಗೊಣಗಿದವರು ದೋಣಿಯಲ್ಲಿ ಅನೇಕರಿದ್ದರು. ಹಿರಿಯರಿಗೆ ಮಾತ್ರ ಈ ನಿರ್ಬಂಧ ಹಿಡಿಸಿತು. ಬಸದಿಗೆ ಹೋಗುವಾಗ ಚರ್ಮದ ವಸ್ತುವನ್ನು ಹೊರಗಿಟ್ಟು ಒಳಹೋಗುವವರಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ. ಏನನ್ನಾದರೂ ಹೊರಗೆ ಬಿಟ್ಟು ಒಳಗೆ ಕಾಲಿಟ್ಟಾಗಲೇ, ತಾನು ಪ್ರವೇಶಿಸುತ್ತಿರುವುದು ತನ್ನ ಮನೆಯಲ್ಲವೆಂಬ ಅರಿವು ಮನುಷ್ಯನಿಗೆ ಮೂಡುತ್ತದೆ.

ದ್ವೀಪದ ಹತ್ತಿರ ದೊಡ್ಡ ದೋಣಿಯಿಂದ ಗಾಜಿನ ತಳದ ಸಣ್ಣ ದೋಣಿಗೆ ಇಳಿಯಬೇಕು. ಇದರ ತತ್ತ್ವ ಬಹು ಸರಳ. ಮೇಲಿನಿಂದ ಕಡಲನ್ನು ನೋಡುವವನಿಗೆ ಆಕಾಶದ ಪ್ರತಿಬಿಂಬವೂ ಅಲೆಗಳ ಕದಲಿಕೆಯೂ ಅಡ್ಡ ಬಂದು ತಳ ಕಾಣುವುದಿಲ್ಲ. ದೋಣಿಯ ತಳದಲ್ಲಿ ದಪ್ಪ ಗಾಜನ್ನು ಕೂರಿಸಿದರೆ ಆ ಗಾಜಿನ ಕೆಳಗೆ ಅಲೆಯಿಲ್ಲ. ದೋಣಿಯ ನೆರಳಿನಿಂದಾಗಿ ಪ್ರತಿಬಿಂಬವೂ ಇಲ್ಲ. ನೋಟ ನೇರವಾಗಿ ತಳಕ್ಕೆ ಇಳಿಯುತ್ತದೆ. ಬೆಳಕಿನ ವಕ್ರೀಭವನದಿಂದ 4 ಮೀಟರ್ ಆಳದಲ್ಲಿರುವುದು 3 ಮೀಟರಿನಲ್ಲಿ ಇರುವಂತೆ ತೋರುತ್ತದೆ. ಕೈ ನೀಡಿದರೆ ಸಿಕ್ಕೀತು ಎನ್ನಿಸುವುದು ಈ ಕಾರಣದಿಂದ. ಆದರೆ ಬಣ್ಣದ ವಿಷಯದಲ್ಲಿ ಗಾಜು ಸುಳ್ಳು ಹೇಳುವುದಿಲ್ಲ. ಬಿಸಿಲಿನ ಕೆಂಪು ಕಿರಣಗಳನ್ನು ನೀರು ಮೊದಲು ಹೀರಿಕೊಳ್ಳುವುದರಿಂದ ಕೆಲವು ಮೀಟರ್ ಆಳದಲ್ಲಿಯೇ ಎಲ್ಲವೂ ನೀಲಿಗೆ, ಹಸಿರಿಗೆ ತಿರುಗುತ್ತದೆ. ಜಾಹೀರಾತಿನ ಚಿತ್ರಗಳಲ್ಲಿ ಕಂಡ ಕೆಂಪು, ಕಿತ್ತಳೆಗಳು ಹೆಚ್ಚಾಗಿ ದೀಪ ಹಾಕಿ ತೆಗೆದವು ಅಥವಾ ತಿದ್ದಿದವು.

ಇಲ್ಲಿಯೇ ಅಸಮಾಧಾನ ಮೊಳೆಯುತ್ತದೆ. ಕೊಟ್ಟ ಹಣಕ್ಕೆ ತಕ್ಕ ಬಣ್ಣ ಕಾಣಲಿಲ್ಲವೆಂದು ಪ್ರವಾಸಿಗಳು ದೋಣಿಯವನನ್ನು ಒತ್ತಾಯಿಸುತ್ತಾರೆ. ಇನ್ನೂ ಹತ್ತಿರ ಹೋಗು, ಇನ್ನೂ ಆಳವಿಲ್ಲದ ಕಡೆಗೆ ಹೋಗು, ಇಲ್ಲಿಯೇ ನಿಲ್ಲಿಸು ಎಂದು ಹೇಳುತ್ತಾರೆ. ನೀರು ಇಳಿದ ಹೊತ್ತಿನಲ್ಲಿ ದೋಣಿ ಹತ್ತಿರ ಹೋದರೆ ಅದರ ತಳ ಹವಳಕ್ಕೆ ಉಜ್ಜುತ್ತದೆ. ದಿಬ್ಬದ ಮೇಲೆ ಲಂಗರು ಹಾಕಿದರೆ ಒಂದು ಎಳೆತಕ್ಕೆ ಹತ್ತಾರು ವರ್ಷಗಳ ಬೆಳವಣಿಗೆ ಪುಡಿಯಾಗುತ್ತದೆ. ದೋಣಿಯವನಿಗೆ ಇದು ಗೊತ್ತಿಲ್ಲವೆಂದಲ್ಲ. ಗಿರಾಕಿಯ ಮುನಿಸು ಅವನಿಗೆ ಕಡಲಿಗಿಂತ ಹತ್ತಿರದ ಭಯ. ಅಂಗಡಿ ನಡೆಸಿದವರಿಗೆಲ್ಲ ಈ ಭಯದ ಪರಿಚಯವುಂಟು.

ಗಾಜಿನ ಕೆಳಗೆ ಮಿದುಳಿನಂತೆ ಸುಕ್ಕುಗಟ್ಟಿದ ಉಂಡೆಗಳು, ಜಿಂಕೆಯ ಕೊಂಬಿನಂತೆ ಕವಲೊಡೆದ ಪೊದೆಗಳು, ಅಣಬೆಯಂತೆ ಹರಡಿದ ತಟ್ಟೆಗಳು ಹಾದುಹೋದವು. ಒಂದು ಕಡೆ ದೈತ್ಯ ಚಿಪ್ಪೊಂದು ತನ್ನ ನೀಲಿ ತುಟಿಗಳನ್ನು ತೆರೆದುಕೊಂಡು ಮಲಗಿತ್ತು. ಗಿಳಿಮೀನುಗಳು ಹವಳವನ್ನು ಕೆರೆಯುತ್ತಿದ್ದವು. ಅವು ಕೆರೆದು ತಿಂದ ಸುಣ್ಣವೇ ಪುಡಿಯಾಗಿ ಹೊರಬಂದು ದ್ವೀಪದ ಬಿಳಿ ಮರಳಿನಲ್ಲಿ ಸೇರುತ್ತದೆ ಎಂದು ದೋಣಿಯವನು ವಿವರಿಸಿದನು. ಮೊಮ್ಮಗನು ಅಜ್ಜನ ಅಂಗಿ ಎಳೆದು ಕೇಳಿದನು: "ಅಜ್ಜ, ಹವಳ ಅಂದರೆ ಕಲ್ಲೋ, ಗಿಡವೋ, ಪ್ರಾಣಿಯೋ?"

ಬಾಲಕನ ಈ ಪ್ರಶ್ನೆಗೆ ಮನುಷ್ಯಕುಲ ಉತ್ತರ ಕಂಡುಕೊಳ್ಳಲು ಬಹುಕಾಲ ಹಿಡಿಯಿತು. ಭಾರತೀಯರಿಗೆ ಹವಳವೆಂದರೆ ಮೊದಲಿನಿಂದಲೂ ರತ್ನ. ನವರತ್ನಗಳಲ್ಲಿ ಅದಕ್ಕೆ ಸ್ಥಾನವಿದೆ. ಕನ್ನಡ ನಾಡಿನ ಹೆಣ್ಣುಮಕ್ಕಳ ಕೊರಳ ಸರದಲ್ಲಿ ಕರಿಮಣಿಯ ಜೊತೆಗೆ ಕೆಂಪು ಹವಳ ಇಂದಿಗೂ ಉಂಟು. ಆ ಕೆಂಪು ಹವಳ ಈ ದಿಬ್ಬ ಕಟ್ಟುವ ಹವಳಗಳ ದೂರದ ನಂಟ; ಅದರ ಮುಖ್ಯ ನೆಲೆ ಮೆಡಿಟರೇನಿಯನ್ ಸಮುದ್ರ. ಕ್ರಿಸ್ತಶಕದ ಮೊದಲ ಶತಮಾನದ ಗ್ರೀಕ್ ವರ್ತಕರ ಕೈಪಿಡಿಯಾದ ಪೆರಿಪ್ಲಸ್, ಭಾರತದ ರೇವುಗಳಿಗೆ ಬರುತ್ತಿದ್ದ ಸರಕುಗಳಲ್ಲಿ ಹವಳವನ್ನು ಎಣಿಸಿದೆ. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಇಟಲಿಯ ಲಿವೋರ್ನೋ ವರ್ತಕರು ಗೋವೆಗೆ ಹವಳ ಕಳುಹಿಸಿ ಪ್ರತಿಯಾಗಿ ವಜ್ರ ತರಿಸಿಕೊಳ್ಳುತ್ತಿದ್ದರು. ಇಷ್ಟೆಲ್ಲ ಕೊಟ್ಟು ಕೊಂಡವರಿಗೂ ತಮ್ಮ ಸರಕು ಏನೆಂಬುದು ಖಚಿತವಾಗಿ ತಿಳಿದಿರಲಿಲ್ಲ. ಯುರೋಪಿನ ಪಂಡಿತರು ಅದನ್ನು ಕಡಲ ಗಿಡವೆಂದು ನಂಬಿದ್ದರು. ಮಾರ್ಸಿಲ್ಯಿ ಎಂಬ ಇಟಲಿಯ ವಿದ್ವಾಂಸನು ಹವಳದ ಕೊಂಬೆಯ ಮೇಲೆ ಅರಳುವ ಬಿಳಿಯ ಹೂಗಳನ್ನು ಕಂಡೆನೆಂದು ಹದಿನೆಂಟನೆಯ ಶತಮಾನದ ಆರಂಭದಲ್ಲಿ ಸಾರಿದನು. ಸುಮಾರು ಎರಡು ದಶಕಗಳ ನಂತರ ಮಾರ್ಸೇಲ್ಸಿನ ವೈದ್ಯ ಪೆಯ್ಸೊನೆಲ್ ಆ ಹೂಗಳು ಹೂಗಳಲ್ಲ, ಜೀವಿಗಳೆಂದು ಕಂಡುಹಿಡಿದನು. ಪ್ಯಾರಿಸಿನ ವಿದ್ವತ್ಸಭೆಯಲ್ಲಿ ಅವನ ಮಾತಿಗೆ ಮನ್ನಣೆ ಸಿಗಲಿಲ್ಲ. ಅದು ಒಪ್ಪಿಗೆಯಾಗಲು ಮತ್ತೆ ಎರಡು ದಶಕ ಹಿಡಿಯಿತು.

ಈಗ ತಿಳಿದಿರುವುದು ಇಷ್ಟು. ದಿಬ್ಬದ ಹವಳವು ಪಾಲಿಪ್ ಎಂಬ ಪುಟ್ಟ ಪ್ರಾಣಿಗಳ ಒಕ್ಕಲು. ಬಹುಪಾಲು ಪಾಲಿಪ್‌ಗಳ ಗಾತ್ರ ಕೆಲವು ಮಿಲಿಮೀಟರ್ ಮಾತ್ರ. ಬಾಯಿಯ ಸುತ್ತ ಎಳೆಗಳಿರುವ ಒಂದು ಚೀಲವೆಂದರೆ ಸರಿ. ಕಡಲಿನಿಂದ ಸುಣ್ಣವನ್ನು ಪಡೆದು ತನ್ನ ಕೆಳಗೆ ತಾನೇ ಮನೆ ಕಟ್ಟಿಕೊಳ್ಳುತ್ತದೆ. ಅದರ ಮೈಯೊಳಗೆ ಸೂಕ್ಷ್ಮವಾದ ಪಾಚಿ ವಾಸಿಸುತ್ತದೆ. ಪಾಚಿ ಬಿಸಿಲಿನಲ್ಲಿ ಆಹಾರ ತಯಾರಿಸಿ, ಹವಳಕ್ಕೆ ಬೇಕಾದ ಶಕ್ತಿಯ ಬಹುಭಾಗವನ್ನು ಒದಗಿಸುತ್ತದೆ. ಹವಳ ಅದಕ್ಕೆ ಆಶ್ರಯ ಕೊಡುತ್ತದೆ. ಹವಳದ ಬಣ್ಣದ ಬಹುಪಾಲು ಈ ಬಾಡಿಗೆದಾರನದು. ಆದ್ದರಿಂದ ಬಾಲಕನ ಪ್ರಶ್ನೆಗೆ ಉತ್ತರ: ಕಟ್ಟಿದ ಮನೆ ಕಲ್ಲು, ಕಟ್ಟಿದವನು ಪ್ರಾಣಿ, ಉಣಿಸುವವನು ಪಾಚಿ. ಮೂರೂ ಸೇರಿದರೆ ಹವಳ.

ಜೈನಾಗಮಗಳು ಹವಳವನ್ನು ಮಣ್ಣು, ಲೋಹ, ಮಣಿಗಳೊಡನೆ ಪೃಥ್ವೀಕಾಯದ ಜೀವಗಳಲ್ಲಿ ಎಣಿಸುತ್ತವೆ; ಶಂಖ, ಚಿಪ್ಪುಗಳನ್ನು ಎರಡು ಇಂದ್ರಿಯಗಳ ಜೀವಗಳಲ್ಲಿ ಸೇರಿಸುತ್ತವೆ. ಇಂದಿನ ಜೀವಶಾಸ್ತ್ರದ ವರ್ಗೀಕರಣ ಬೇರೆ. ಎರಡನ್ನೂ ಎಳೆದು ಒಂದೇ ಮಾಡುವ ಚಪಲ ಬೇಕಾಗಿಲ್ಲ. ಗಮನಿಸಬೇಕಾದುದು ಇನ್ನೊಂದು. ಯುರೋಪಿನವರಿಗೆ ಹವಳ ಪ್ರಾಣಿಯೆಂದು ಸಿದ್ಧವಾಗುವವರೆಗೆ ಅದರ ನೋವಿನ ಪ್ರಶ್ನೆಯೇ ಏಳಲಿಲ್ಲ. ಇಲ್ಲಿಯವರು ಅದನ್ನು ಭೂಮಿಯ ಜೊತೆಗೆ ಎಣಿಸಿದಾಗಲೂ ಜೀವವೆಂದೇ ಎಣಿಸಿದರು. ಹೆಸರು ಯಾವುದಾದರೂ ಆಗಲಿ, ಎಚ್ಚರದ ಹೊಣೆ ತಪ್ಪದು ಎಂಬುದು ಇದರ ತಾತ್ಪರ್ಯ. ಅಜ್ಜ ಮೊಮ್ಮಗನಿಗೆ ಹೇಳಿದ್ದೂ ಇದನ್ನೇ: "ಏನೇ ಆಗಿರಲಿ, ಅದು ಬದುಕಿದೆ."

ನಿಜವಾದ ಪರೀಕ್ಷೆ ಎರಡು ದಿನಗಳ ನಂತರ, ಬೇರೊಂದು ದ್ವೀಪದ ತೀರದಲ್ಲಿ ನಡೆಯಿತು. ಅಲ್ಲಿ ಮಗನೂ ಮೊಮ್ಮಗಳೂ ಸ್ನಾರ್ಕೆಲ್ ಕಟ್ಟಿಕೊಂಡು ನೀರಿಗಿಳಿದರು. ಕಣ್ಣು ಮೂಗುಗಳನ್ನು ಮುಚ್ಚುವ ಗಾಜಿನ ಮುಖವಾಡ, ಬಾಯಲ್ಲಿ ಕಚ್ಚಿಕೊಳ್ಳುವ ಸುಮಾರು ಒಂದಡಿಯ ಕೊಳವೆ, ಇಷ್ಟೇ ಸಲಕರಣೆ. ಕೊಳವೆ ಇನ್ನೂ ಉದ್ದವಾಗಿದ್ದರೆ ಇನ್ನೂ ಆಳಕ್ಕೆ ಹೋಗಬಹುದಲ್ಲ ಎಂದು ಕೆಲವರು ಕೇಳುವುದುಂಟು. ಆಗದು. ಆಳಕ್ಕೆ ಹೋದಂತೆ ನೀರಿನ ಒತ್ತಡ ಎದೆಯನ್ನು ಅದುಮುತ್ತದೆ. ಮೇಲಿನ ಗಾಳಿಯನ್ನು ಎಳೆದುಕೊಳ್ಳುವ ಬಲ ಶ್ವಾಸಕೋಶಕ್ಕೆ ಉಳಿಯುವುದಿಲ್ಲ. ಬಿಟ್ಟ ಉಸಿರು ಉದ್ದದ ಕೊಳವೆಯಲ್ಲಿ ಉಳಿದು ಅದನ್ನೇ ಮತ್ತೆ ಸೇದಬೇಕಾಗುತ್ತದೆ. ಸ್ನಾರ್ಕೆಲ್ ಕಟ್ಟಿಕೊಂಡವನು ನೀರಿನ ಮೇಲೆ ಬೋರಲಾಗಿ ತೇಲುತ್ತ ಕೆಳಗೆ ನೋಡಬೇಕು. ಮಾಡಬೇಕಾದುದು ಏನೂ ಇಲ್ಲ. ಏನೂ ಮಾಡದೆ ಇರುವುದನ್ನು ಕಲಿಯುವುದೇ ಅದರ ವಿದ್ಯೆ.

ಮಗನಿಗೆ ಈಜು ಬರುತ್ತಿರಲಿಲ್ಲ. ತೇಲುವ ಅಂಗಿ ತೊಡಿಸಿ, ಮಾರ್ಗದರ್ಶಿ ಯುವಕನೊಬ್ಬ ಅವನ ಕೈಹಿಡಿದು ಎಳೆದುಕೊಂಡು ಹೋದನು. ಐದು ನಿಮಿಷ ಸರಿಯಾಗಿತ್ತು. ಆಮೇಲೆ ಒಂದು ಅಲೆ ಬಂದು ಕೊಳವೆಯೊಳಗೆ ನೀರು ನುಗ್ಗಿತು. ಉಪ್ಪುನೀರು ಗಂಟಲಿಗೆ ಇಳಿದೊಡನೆ ಮಗನು ಗಾಬರಿಯಾಗಿ ಬೋರಲು ಬಿಟ್ಟು ನೆಟ್ಟಗಾದನು. ಗಾಬರಿಯಾದ ಮನುಷ್ಯನ ಕಾಲು ನೆಲವನ್ನು ಹುಡುಕುತ್ತದೆ. ಕಾಲಿಗೆ ಸಿಕ್ಕಿದ್ದು ಕವಲುಹವಳದ ಪೊದೆ. ಅವನ ಭಾರಕ್ಕೆ ಅದರ ಕೊಂಬೆಗಳು ಮುರಿದವು. ಮುರಿದ ಅಂಚು ಅವನ ಮೊಣಕಾಲನ್ನೂ ಸೀಳಿತು. ಯುವಕನು ಅವನನ್ನು ಹಿಡಿದೆತ್ತಿ, "ಪರವಾಗಿಲ್ಲ ಸಾರ್, ಅದು ಮೊದಲೇ ಸತ್ತಿದ್ದು" ಎಂದನು. ಪಕ್ಕದಲ್ಲಿಯೇ ತೇಲುತ್ತಿದ್ದ ಮೊಮ್ಮಗಳಿಗೆ ಆ ಪೊದೆಯಲ್ಲಿ ಸಣ್ಣ ನೀಲಿ ಮೀನುಗಳ ಹಿಂಡು ಅಡಗಿದ್ದುದು ಕಂಡಿತ್ತು. ದಡಕ್ಕೆ ಬಂದವಳು ಅಜ್ಜನಿಗೆ ಹೇಳಿದಳು: "ಸತ್ತಿರಲಿಲ್ಲ ಅಜ್ಜ. ಅಪ್ಪನ ಕಾಲ ಕೆಳಗೆ ಸತ್ತದ್ದು."

ಅಂದು ಸಂಜೆ ಆ ಕುಟುಂಬದಲ್ಲಿ ಮಾತು ಕಡಿಮೆಯಿತ್ತು. ಕಾಲಿಗೆ ಔಷಧಿ ಹಚ್ಚಿಕೊಂಡು ಕುಳಿತಿದ್ದ ಮಗನು ಕೊನೆಗೆ, ತಾನು ಬೇಕೆಂದು ಮಾಡಿದುದಲ್ಲವಲ್ಲ ಎಂದನು. ಆ ಮಾತು ಸತ್ಯ. ಹವಳವನ್ನು ದ್ವೇಷಿಸುವ ಪ್ರವಾಸಿ ಎಲ್ಲಿಯೂ ಇಲ್ಲ. ಹವಳವನ್ನು ಮೆಚ್ಚಿ ದೂರದಿಂದ ಬಂದವರ ಕಾಲುಗಳೇ ಅದನ್ನು ಮುರಿಯುತ್ತವೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ದ್ವೇಷವನ್ನಲ್ಲ, ಪ್ರಮಾದವನ್ನು ಮುಂದಿಟ್ಟಿದೆ. ಎಚ್ಚರ ತಪ್ಪಿದ ಮನಸ್ಸು, ಮಾತು, ದೇಹಗಳ ಚಟುವಟಿಕೆಯಿಂದ ಪ್ರಾಣಕ್ಕೆ ಆಗುವ ಹಾನಿಯೇ ಹಿಂಸೆಯೆಂಬುದು ಅದರ ಅಭಿಪ್ರಾಯ. ಮಗನ ಪ್ರಮಾದ ಅಲೆ ಬಂದ ಕ್ಷಣದ್ದಲ್ಲ. ಆ ಕ್ಷಣದಲ್ಲಿ ಅವನು ಅಸಹಾಯಕನಾಗಿದ್ದ. ಈಜು ಬಾರದೆ, ಉಸಿರಾಟದ ಅಭ್ಯಾಸವಿಲ್ಲದೆ, ಜೀವಂತ ಹವಳದ ಮೇಲಿನ ನೀರಿಗೆ ಇಳಿಯಲು ಒಪ್ಪಿದ ಕ್ಷಣದ್ದು. ಊರಿನ ಈಜುಕೊಳದಲ್ಲಿ ಎರಡು ಬೇಸಿಗೆ ಕಲಿತಿದ್ದ ಮಗಳು ಅದೇ ಅಲೆಗೆ ಕೊಳವೆಯ ನೀರನ್ನು ಊದಿ ಹೊರಹಾಕಿ ಸುಮ್ಮನೆ ತೇಲಿದ್ದಳು. ಇಬ್ಬರ ಮನಸ್ಸೂ ಒಳ್ಳೆಯದೇ. ಒಬ್ಬರು ಕಲಿತಿದ್ದರು, ಇನ್ನೊಬ್ಬರು ಕಲಿತಿರಲಿಲ್ಲ.

ಹಿರಿಯರು ಮಗನನ್ನು ಬೈಯಲಿಲ್ಲ. ಮರುದಿನ ಬೆಳಿಗ್ಗೆ ಆ ಮಾರ್ಗದರ್ಶಿ ಯುವಕನನ್ನು ಹುಡುಕಿಕೊಂಡು ಹೋದರು. ಅವನಿಗೆ ಸಿಗುವುದು ಸಾರಿಗೆ ಇಷ್ಟೆಂಬ ಹಣ. ಬೇಗ ಮುಗಿಸಿದರೆ ಇನ್ನೊಂದು ಸಾರಿ, ಹವಳದ ಪಕ್ಕದಲ್ಲಿ ಚೆನ್ನಾಗಿ ಫೋಟೋ ತೆಗೆದುಕೊಟ್ಟರೆ ಇನಾಮು. ಹವಳವನ್ನು ಅವನು ಪ್ರೀತಿಸುತ್ತಿರಲಿಲ್ಲವೆಂದಲ್ಲ. ಅವನಿಗೆ ಬರುವ ಕೂಲಿಯ ಲೆಕ್ಕದಲ್ಲಿ ಆ ಪ್ರೀತಿಗೆ ಕಾಲಂ ಇರಲಿಲ್ಲ. ಹಿರಿಯರು ಎರಡು ಸಾರಿಯ ಹಣವನ್ನು ಒಂದೇ ಸಾರಿಗೆ ಕೊಡುವುದಾಗಿ ಹೇಳಿ, ಬರಿಯ ಮರಳಿರುವ ಕಡೆ ಮಗನಿಗೂ ಮೊಮ್ಮಗನಿಗೂ ಮೊದಲು ಅರ್ಧ ಗಂಟೆ ತೇಲುವುದನ್ನೂ ಉಸಿರಾಡುವುದನ್ನೂ ಕಲಿಸಬೇಕೆಂದರು. ಫೋಟೋ ಬೇಡವೆಂದರು. ಯುವಕನಿಗೆ ಆಶ್ಚರ್ಯವಾಯಿತು. ಅವನು ಕಲಿಸಿದ ಬಗೆ ನೋಡಿದರೆ ಆ ವಿದ್ಯೆ ಅವನಿಗೆ ಚೆನ್ನಾಗಿಯೇ ಬರುತ್ತಿತ್ತು. ಯಾರೂ ಕೇಳಿರಲಿಲ್ಲ ಅಷ್ಟೆ. ಮಾರುವವನ ನಡತೆಯನ್ನು ಕೊಳ್ಳುವವನ ಬೇಡಿಕೆ ತಿದ್ದಬಲ್ಲದೆಂಬುದು ವ್ಯಾಪಾರದ ಹಳೆಯ ಪಾಠ.

ಈಗ ಲೆಕ್ಕದ ಮಾತಿಗೆ ಬರಬಹುದು. ಉಂಡೆಯಾಕಾರದ ಹವಳಗಳು ವರ್ಷಕ್ಕೆ ಕೆಲವು ಮಿಲಿಮೀಟರಿನಿಂದ 2 ಸೆಂಟಿಮೀಟರಿನವರೆಗೆ ಬೆಳೆಯುತ್ತವೆ. ಕವಲುಹವಳಗಳು ವೇಗವಾಗಿ, ವರ್ಷಕ್ಕೆ 10 ಸೆಂಟಿಮೀಟರಿನವರೆಗೂ ಬೆಳೆಯಬಲ್ಲವು. ವರ್ಷಕ್ಕೆ 1 ಸೆಂಟಿಮೀಟರಿನಂತೆ ಎಲ್ಲ ಕಡೆಗೂ ಬೆಳೆಯುವ ಉಂಡೆಯೊಂದು 1 ಮೀಟರ್ ಅಗಲವಾಗಲು 50 ವರ್ಷ ಬೇಕು. ಅದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳಲು ಅರ್ಧ ನಿಮಿಷ ಸಾಕು. ಬಡ್ಡಿಯನ್ನು ಉಂಡವನು ಬಾಳುತ್ತಾನೆ, ಅಸಲನ್ನು ಉಂಡವನು ಕೆಡುತ್ತಾನೆ. ದಿಬ್ಬದ ನೋಟ ಬಡ್ಡಿ, ದಿಬ್ಬ ಅಸಲು. ಸಾಗರತಳದ ಶೇಕಡಾ ಒಂದಕ್ಕಿಂತಲೂ ಕಡಿಮೆ ಜಾಗದಲ್ಲಿರುವ ಹವಳದ ದಿಬ್ಬಗಳು ಕಡಲ ಜೀವಜಾತಿಗಳಲ್ಲಿ ಸುಮಾರು ಕಾಲುಭಾಗಕ್ಕೆ ಆಸರೆಯಾಗಿವೆ. ಅಂದಮೇಲೆ ಈ ಅಸಲು ಎಷ್ಟು ಜನರ ಪಾಲಿನದೆಂದು ಊಹಿಸಬಹುದು.

ಕಾಲಿನ ಭಾರಕ್ಕಿಂತ ದೊಡ್ಡ ಭಾರವೂ ಇದೆ. ಕಡಲ ನೀರು ಬೇಸಿಗೆಯ ವಾಡಿಕೆಯ ಗರಿಷ್ಠ ಶಾಖಕ್ಕಿಂತ 1 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿ ಕೆಲವು ವಾರ ಹಾಗೆಯೇ ನಿಂತರೆ, ಹವಳ ತನ್ನೊಳಗಿನ ಪಾಚಿಯನ್ನು ಹೊರದೂಡಿ ಬೆಳ್ಳಗಾಗುತ್ತದೆ. ಬೇಗ ತಂಪಾದರೆ ಚೇತರಿಸಿಕೊಳ್ಳಬಹುದು, ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ. 1998ರಲ್ಲಿ, 2010ರಲ್ಲಿ, 2016ರಲ್ಲಿ ಭಾರತದ ಹವಳಗಳು ಹೀಗೆ ಬೆಳ್ಳಗಾದವು. 2010ರ ಬೇಸಿಗೆಯಲ್ಲಿ ಅಂಡಮಾನಿನ ದಿಬ್ಬಗಳಿಗೆ ಬಿದ್ದ ಪೆಟ್ಟು ಬಲವಾದುದು. ಪ್ರಪಂಚದಾದ್ಯಂತ ನಾಲ್ಕನೆಯ ಬಾರಿ ಹವಳಗಳು ಬೆಳ್ಳಗಾಗುತ್ತಿವೆಯೆಂದು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಘೋಷಿಸಿದರು. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಉತ್ತರ ಅಂಡಮಾನಿನ ಕೆಲವು ತೀರಗಳು ಒಂದು ಮೀಟರಿಗೂ ಮಿಗಿಲಾಗಿ ಮೇಲೆದ್ದು, ಹವಳಗಳು ನೀರಿನಿಂದ ಹೊರಬಿದ್ದು ಒಣಗಿ ಸತ್ತವು. ಅದು ಪ್ರಕೃತಿಯ ಕೃತ್ಯ, ಅದಕ್ಕೆ ಮನುಷ್ಯ ಹೊಣೆಯಲ್ಲ. ಕಡಲ ಬಿಸಿಗೆ ಮಾತ್ರ ಹೊಣೆಯುಂಟು. ಕಲ್ಲಿದ್ದಲು, ಎಣ್ಣೆಗಳ ಹೊಗೆ ಅದರ ಕಾರಣ. ಹವಳ ನೋಡಲು ಹಾರುವ ವಿಮಾನದ ಹೊಗೆಯೂ ಅದರಲ್ಲಿ ಸೇರಿದೆ.

ಹಾಗಾದರೆ ಹೋಗದೆ ಮನೆಯಲ್ಲಿರುವುದೇ ಧರ್ಮವಲ್ಲವೇ? ಹಿರಿಯರ ಮೊದಲ ಆಕ್ಷೇಪಕ್ಕೆ ಬಲವಿದೆ. ಹೋಗದವನ ಕಾಲಿನಿಂದ ಹವಳ ಮುರಿಯುವುದಿಲ್ಲವೆಂಬುದು ನಿಸ್ಸಂಶಯ. ಎದುರು ಪಕ್ಷಕ್ಕೂ ಬಲವಿಲ್ಲದಿಲ್ಲ. ದೋಣಿಯವನ ಮನೆ ನಡೆಯುವುದು ಬದುಕಿರುವ ಹವಳದಿಂದ. ನೋಡುವವರಿಲ್ಲದಿದ್ದರೆ ಅವನಿಗೆ ಅದನ್ನು ಕಾಯುವ ಕಾರಣವೊಂದು ಕಡಿಮೆಯಾಗುತ್ತದೆ. ಕಾಣದ ಜೀವದ ಮೇಲೆ ಕರುಣೆ ಹುಟ್ಟುವುದೂ ಅಪರೂಪ. ಹದಿಮೂರು ವರ್ಷದ ಆ ಬಾಲಕಿ ತಂದೆಯ ಕಾಲ ಕೆಳಗೆ ಕಂಡದ್ದನ್ನು ಯಾವ ಪಾಠಪುಸ್ತಕವೂ ಅವಳಿಗೆ ಕಾಣಿಸುತ್ತಿರಲಿಲ್ಲ. ಎರಡೂ ಪಕ್ಷಗಳನ್ನು ತೂಗಿದಾಗ ನಿಲ್ಲುವ ಮಾತು ಇದು: ಹೋಗುವುದು ತಪ್ಪಲ್ಲ, ಹಗುರವಾಗಿ ಹೋಗುವುದು ತಪ್ಪು. ಹೋದವನು ಸಾಲಗಾರನಾಗಿ ಮರಳುತ್ತಾನೆ. ಆ ಸಾಲವನ್ನು ಅವನು ಮನೆಯಲ್ಲಿ, ವಿದ್ಯುತ್ತಿನ ಮತ್ತು ಇಂಧನದ ಮಿತವ್ಯಯದಲ್ಲಿ ತೀರಿಸಬೇಕು.

ಮರಳುವಾಗ ಕೈಯಲ್ಲಿ ಏನನ್ನು ತರುತ್ತಾನೆಂಬುದೂ ಮುಖ್ಯ. ದಡದಲ್ಲಿ ಬಿದ್ದ ಖಾಲಿ ಚಿಪ್ಪನ್ನು ಆಯ್ದರೆ ಯಾರಿಗೆ ನಷ್ಟ ಎನ್ನಿಸುವುದು ಸಹಜ. ಸನ್ಯಾಸಿ ಏಡಿಯನ್ನು ನೋಡಿದವರಿಗೆ ಉತ್ತರ ಗೊತ್ತು. ಅದರ ಹಿಂಬದಿ ಮೆತ್ತಗಿನದು, ಅದಕ್ಕೆ ಸ್ವಂತ ಕವಚವಿಲ್ಲ. ಬೇರೆ ಜೀವಿ ಬಿಟ್ಟುಹೋದ ಚಿಪ್ಪಿನೊಳಗೆ ಬಾಳುತ್ತದೆ. ಬೆಳೆದಂತೆ ದೊಡ್ಡ ಚಿಪ್ಪು ಬೇಕು. ಒಂದು ದೊಡ್ಡ ಚಿಪ್ಪು ಸಿಕ್ಕಾಗ ಹಲವು ಏಡಿಗಳು ಗಾತ್ರದ ಕ್ರಮದಲ್ಲಿ ಸಾಲುಗಟ್ಟಿ, ದೊಡ್ಡದು ಬಿಟ್ಟ ಮನೆಗೆ ಅದಕ್ಕಿಂತ ಸಣ್ಣದು, ಅದು ಬಿಟ್ಟ ಮನೆಗೆ ಇನ್ನೂ ಸಣ್ಣದು ಹೀಗೆ ಮನೆ ಬದಲಿಸುವುದುಂಟು. ಖಾಲಿ ಎಂದು ಆಯ್ದ ಒಂದು ಚಿಪ್ಪಿನಿಂದ ಒಂದು ಸಾಲಿನ ಸಂಸಾರಗಳೇ ಇಕ್ಕಟ್ಟಿಗೆ ಬೀಳುತ್ತವೆ. ಚಿಪ್ಪು ಸಿಗದೆ ಪ್ಲಾಸ್ಟಿಕ್ ಮುಚ್ಚಳವನ್ನು ಬೆನ್ನಿಗೆ ಹೊತ್ತು ತಿರುಗುವ ಏಡಿಗಳ ಚಿತ್ರಗಳನ್ನು ಅನೇಕರು ನೋಡಿರಬಹುದು. ಅಪರಿಗ್ರಹಕ್ಕೆ ಇದಕ್ಕಿಂತ ಚಿಕ್ಕ ಪಾಠ, ಇದಕ್ಕಿಂತ ಸ್ಪಷ್ಟವಾದ ಪಾಠ ಸಿಗುವುದು ಕಷ್ಟ.

ಅಂಗಡಿಯಲ್ಲಿ ಕೊಂಡ ಹೊಳಪಿನ ಚಿಪ್ಪಿನ ಕಥೆ ಇನ್ನೂ ಕಠಿಣ. ಅಂತಹವು ಬಹುಮಟ್ಟಿಗೆ ಒಳಗಿನ ಜೀವವನ್ನು ಕೊಂದು ತೆಗೆದವು. ತಾನು ಕೊಲ್ಲಲಿಲ್ಲ, ಕೊಂಡೆ ಅಷ್ಟೆ ಎಂಬ ಸಮಾಧಾನ ವರ್ತಕ ಸಮಾಜಕ್ಕೆ ಒಪ್ಪುವಂತಹುದಲ್ಲ. ಕೊಳ್ಳುವವನಿದ್ದುದರಿಂದಲೇ ಕೊಂದವನು ಕೊಂದನು. ಕಾನೂನೂ ಈ ವಿಷಯದಲ್ಲಿ ಬಿಗಿಯಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪರಿಶಿಷ್ಟಕ್ಕೆ ದಿಬ್ಬ ಕಟ್ಟುವ ಹವಳಗಳನ್ನೂ ಕೆಲವು ಚಿಪ್ಪುಜೀವಿಗಳನ್ನೂ 2001ರಲ್ಲಿ ಸೇರಿಸಲಾಯಿತು. ದಡದಲ್ಲಿ ಸಿಕ್ಕ ಹವಳದ ತುಂಡನ್ನು ಚೀಲದಲ್ಲಿಟ್ಟುಕೊಂಡು ವಿಮಾನ ನಿಲ್ದಾಣಕ್ಕೆ ಬರುವುದೂ ಅಪರಾಧವೆಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಬೇಕು.

ಹೋಗುವವರು ಪಾಲಿಸಬಹುದಾದ ಕೆಲವು ಸುಲಭ ನಿಯಮಗಳುಂಟು. ಈಜು ಬಾರದವರು ಗಾಜಿನ ದೋಣಿಯಲ್ಲಿ ತೃಪ್ತರಾಗಬೇಕು. ಅದು ವಯಸ್ಸಾದವರಿಗೆ ಮಾತ್ರ ಎಂಬ ಅಭಿಪ್ರಾಯ ಸಲ್ಲದು. ನೀರಿಗಿಳಿಯುವವರು ಊರಿನಲ್ಲಿಯೇ ತೇಲುವ ಅಭ್ಯಾಸ ಮಾಡಿಕೊಂಡು, ಮೊದಲ ಅರ್ಧ ಗಂಟೆಯನ್ನು ಮರಳಿನ ಮೇಲೆ ಕಳೆಯಬೇಕು. ಗಾಬರಿಯಾದರೆ ನಿಲ್ಲಲು ಯತ್ನಿಸದೆ ಅಂಗಾತ ತಿರುಗಿ ತೇಲಬೇಕು. ಇದರಿಂದ ಮನುಷ್ಯನೂ ಉಳಿಯುತ್ತಾನೆ, ಹವಳವೂ ಉಳಿಯುತ್ತದೆ. ಮೀನುಗಳಿಗೆ ಬ್ರೆಡ್ಡು, ಬಿಸ್ಕತ್ತು ಎಸೆಯುವುದು ದಾನವಲ್ಲ. ಕೆರೆದು ತಿಂದು ದಿಬ್ಬವನ್ನು ಶುಚಿಯಾಗಿಡುವ ಅವುಗಳ ಕೆಲಸವನ್ನು ಅದು ಕೆಡಿಸುತ್ತದೆ. ಬಿಸಿಲಿಗೆ ಹಚ್ಚುವ ಮುಲಾಮುಗಳಲ್ಲಿ ಆಕ್ಸಿಬೆನ್ಝೋನ್ ಇರುವುದನ್ನು ಬಿಡಬೇಕು. ಪ್ರಯೋಗಗಳಲ್ಲಿ ಅದು ಎಳೆಯ ಹವಳಕ್ಕೆ ಕೆಡುಕು ಮಾಡುವುದು ಕಂಡುಬಂದುದರಿಂದ ಪಲಾವ್ ದೇಶವು 2020ರಲ್ಲಿಯೂ ಹವಾಯಿ ರಾಜ್ಯವು 2021ರಲ್ಲಿಯೂ ಅದರ ಮಾರಾಟವನ್ನು ನಿಷೇಧಿಸಿದವು. ತೋಳು ತುಂಬುವ ಅಂಗಿ ತೊಟ್ಟರೆ ಮುಲಾಮಿನ ಅಗತ್ಯವೇ ಬಹಳ ಮಟ್ಟಿಗೆ ತಪ್ಪುತ್ತದೆ.

ಇವೆಲ್ಲ ಅಂಡಮಾನಿಗೆ ಹೋಗುವವರಿಗೆ ಮಾತ್ರ ಸಂಬಂಧಿಸಿದ ಮಾತುಗಳಲ್ಲ. ಮುರುಡೇಶ್ವರದ ಕರೆಯಿಂದ 20 ಕಿಲೋಮೀಟರಿನೊಳಗೆ ನೇತ್ರಾಣಿ ದ್ವೀಪವಿದೆ. ಅದರ ಸುತ್ತಲಿನ ನೀರಿನಲ್ಲಿ ಹವಳಗಳೂ ಬಣ್ಣದ ಮೀನುಗಳೂ ಉಂಟು. ಮಳೆಗಾಲ ಕಳೆದೊಡನೆ ಕರ್ನಾಟಕದ ತರುಣರು ಮುಖವಾಡ ಕಟ್ಟಿಕೊಂಡು ಅಲ್ಲಿ ನೀರಿಗಿಳಿಯುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಕಡಲ ತಳದ ಮೊದಲ ದರ್ಶನವಾಗುವುದು ಅಲ್ಲಿಯೇ. ಆ ಮೊದಲ ದರ್ಶನಕ್ಕೆ ಮುಂಚೆ ಮನೆಯ ಹಿರಿಯರು ಹೇಳಬೇಕಾದ ಮಾತು ಬೇಡವೆಂಬುದಲ್ಲ. ಯಾರ ಮನೆಗೆ ಹೋಗುತ್ತಿರುವೆಯೆಂದು ತಿಳಿದುಕೊಂಡು, ಅಲ್ಲಿ ನಡೆದುಕೊಳ್ಳುವ ಬಗೆಯನ್ನು ಕಲಿತು ಹೋಗು ಎಂಬುದು. ನೆಲದ ಮೇಲೆ ನಡೆಯುವವನಿಗೆ ಹೆಜ್ಜೆಯ ಎಚ್ಚರವನ್ನು ಕಲಿಸಿದ ಪರಂಪರೆಗೆ, ನೀರಿನ ಮೇಲೆ ತೇಲುವವನಿಗೆ ಹೆಜ್ಜೆ ಊರದಿರುವ ಎಚ್ಚರವನ್ನು ಕಲಿಸುವುದು ಹೊಸ ಕೆಲಸವೇನಲ್ಲ.